ಇಂಗ್ಲಿಷಿನ ದೀರ್ಘಪದಗಳ ವಿಭಾಗ: ವೆಬ್‌ಸ್ಟರನ ಪದ್ಧತಿಯ ವಿಮರ್ಶೆ

ಇಂಗ್ಲಿಷಿನ ದೀರ್ಘಪದವೊಂದನ್ನು ಎಲ್ಲಿ ಬಿಡಿಸಬೇಕೆಂಬ ಪ್ರಶ್ನೆಯು ಮೇಲ್ನೋಟಕ್ಕೆ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನಿಗೆ ಮಾತ್ರ ಸಂಬಂಧಪಟ್ಟುದೆಂದು ತೋರಬಹುದು. ಪಂಕ್ತಿಯ ಕೊನೆಯಲ್ಲಿ ಎಡೆ ಸಾಲದಿದ್ದಾಗ ಪದವನ್ನು ಕತ್ತರಿಸಿ ಅಡ್ಡಗೆರೆಯನ್ನಿಡುವುದು ಅವನ ಕೆಲಸವಷ್ಟೆ. ಆದರೆ ಇದೇ ಪ್ರಶ್ನೆಯನ್ನು ಮತ್ತಿಬ್ಬರು ಬೇರೆ ಬೇರೆ ಪ್ರಯೋಜನಕ್ಕಾಗಿ ಕೇಳುತ್ತಾರೆ. ಹುಡುಗರಿಗೆ ಓದು ಕಲಿಸುವ ಉಪಾಧ್ಯಾಯನು ಪದವನ್ನು ಬಾಯಿಗೆ ನಿಲುಕುವಷ್ಟು ತುಂಡುಗಳಾಗಿ ಮಾಡಬಯಸುತ್ತಾನೆ. ಶಬ್ದಶಾಸ್ತ್ರಜ್ಞನು ಪ್ರಕೃತಿ ಯಾವುದು, ಪ್ರತ್ಯಯ ಯಾವುದು ಎಂದು ಅರಸುತ್ತಾನೆ. ಈ ಮೂವರಿಗೂ ಉತ್ತರವನ್ನು ಕೊಡುವುದು ಒಂದೇ ಗ್ರಂಥ, ನಿಘಂಟು. ಅದರಲ್ಲಿರುವುದು ಒಂದೇ ಗುರುತು, ಪದದ ನಡುವಣ ಬೊಟ್ಟು. ಮೂರು ಪ್ರಶ್ನೆಗಳಿಗೆ ಒಂದೇ ಬೊಟ್ಟು ಸರಿಯಾದ ಉತ್ತರವನ್ನು ಕೊಡಬಲ್ಲುದೆ ಎಂಬುದೇ ಇಲ್ಲಿ ವಿಚಾರಿಸಬೇಕಾದ ಸಂಗತಿ. ಅಮೆರಿಕದ ನೋಅ ವೆಬ್‌ಸ್ಟರನು 1783ರಲ್ಲಿ ಪ್ರಕಟಿಸಿದ ಕಾಗುಣಿತದ ಪುಸ್ತಕದಿಂದ ಈ ಬೊಟ್ಟಿನ ವ್ಯವಸ್ಥೆಗೆ ಈಗಿನ ರೂಪು ಬಂದುದರಿಂದ, ಆತನ ಮತವನ್ನೇ ಮುಖ್ಯವಾಗಿ ಪರೀಕ್ಷಿಸುವುದು ಯುಕ್ತ.

ಮೊದಲು ಪರಿಭಾಷೆಯನ್ನು ಗೊತ್ತುಮಾಡಿಕೊಳ್ಳೋಣ. ಒಂದು ಸ್ವರವನ್ನು ಆಶ್ರಯಿಸಿ ಒಂದೇ ಉಸಿರಿನ ತಳ್ಳಿನಲ್ಲಿ ಹೊರಡುವ ಧ್ವನಿಸಮೂಹವನ್ನು ಇಂಗ್ಲಿಷಿನಲ್ಲಿ ಸಿಲಬಲ್ ಎನ್ನುತ್ತಾರೆ. ಒಟ್ಟಿಗೆ ಹಿಡಿದದ್ದು ಎಂಬುದು ಆ ಗ್ರೀಕ್ ಮೂಲದ ಶಬ್ದದ ಅರ್ಥ. ಇದನ್ನು ಇಲ್ಲಿ ಉಚ್ಚಾರಾಂಶವೆಂದು ಕರೆಯುತ್ತೇನೆ. ಉಪಸರ್ಗ, ಪ್ರಕೃತಿ, ಪ್ರತ್ಯಯಗಳೆಂದು ನಾವು ಬಲ್ಲ ಅರ್ಥವುಳ್ಳ ತುಂಡುಗಳನ್ನು ಅರ್ಥಾಂಶವೆಂದು ಕರೆಯುತ್ತೇನೆ. ಈ ಎರಡೂ ಬೇರೆ ಬೇರೆ ಎಂಬುದು ನಮ್ಮ ದೇಶದ ಪ್ರಾಚೀನರಿಗೆ ಸ್ಪಷ್ಟವಾಗಿಯೇ ತಿಳಿದಿತ್ತು. ಶಾಕಲ್ಯನ ಪದಪಾಠವು ಋಕ್ಸಂಹಿತೆಯ ಪದಗಳನ್ನು ಬಿಡಿಸಿ, ಸಮಾಸಗಳ ಒಳಗಣ ಸಂಧಿಸ್ಥಾನವನ್ನೂ ಅವಗ್ರಹದಿಂದ ತೋರಿಸುತ್ತದೆ. ಅದು ಅರ್ಥಾಂಶಗಳ ವಿಭಾಗ. ವ್ಯಂಜನವು ಯಾವ ಸ್ವರಕ್ಕೆ ಅಂಗವೆಂಬುದನ್ನು ಪ್ರಾತಿಶಾಖ್ಯಗಳು ಬೇರೆಯಾಗಿಯೇ ಚರ್ಚಿಸುತ್ತವೆ. ಸಂಯೋಗದ ಮೊದಲ ವ್ಯಂಜನವು ಹಿಂದಣ ಸ್ವರಕ್ಕೆ ಸೇರತಕ್ಕುದೆಂದು ತೈತ್ತಿರೀಯ ಪ್ರಾತಿಶಾಖ್ಯದ ವಿಧಿ. ಅದು ಉಚ್ಚಾರಾಂಶಗಳ ವಿಭಾಗ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸುವ ಯೋಚನೆ ಅವರಿಗೆ ಬರಲಿಲ್ಲ.

ವೆಬ್‌ಸ್ಟರನಿಗೆ ಪೂರ್ವಪಕ್ಷವಾಗಿ ಒದಗಿದವನು ಇಂಗ್ಲೆಂಡಿನ ಉಪಾಧ್ಯಾಯ ತಾಮಸ್ ಡಿಲ್ವರ್ತ್. 1740ರಲ್ಲಿ ಹೊರಟ ಅವನ ಪುಸ್ತಕವು ಇಂಗ್ಲೆಂಡಿನಲ್ಲಿಯೂ ಅಮೆರಿಕದ ವಸಾಹತುಗಳಲ್ಲಿಯೂ ಬಹುಕಾಲ ಪಾಠಶಾಲೆಗಳನ್ನು ಆಳಿತು. ಡಿಲ್ವರ್ತನ ನಿಯಮವು ಲ್ಯಾಟಿನ್ ವ್ಯಾಕರಣದಿಂದ ಬಂದುದು: ಎರಡು ಸ್ವರಗಳ ನಡುವೆ ಒಂದು ವ್ಯಂಜನವಿದ್ದರೆ ಅದು ಮುಂದಿನ ಸ್ವರಕ್ಕೆ ಸೇರಬೇಕು, ಯಾವ ವ್ಯಂಜನಗಳು ಪದದ ಆದಿಯಲ್ಲಿ ಕೂಡಿ ಬರಬಲ್ಲವೋ ಅವನ್ನು ನಡುವೆಯೂ ಅಗಲಿಸಬಾರದು. ಈ ನಿಯಮದಂತೆ ಹ್ಯಾಬಿಟ್ ಎಂಬುದನ್ನು ಎಚ್, ಎ ಎಂಬ ಎರಡಕ್ಷರಗಳ ಮೇಲೆ ಕತ್ತರಿಸಬೇಕು; ಬಿಷಪ್ ಎಂಬುದನ್ನು ಬಿ, ಐ ಎಂಬುವುಗಳ ಮೇಲೆ; ಕ್ಲಸ್ಟರ್, ನಾಸ್ಟ್ರಿಲ್ ಎಂಬುವುಗಳಲ್ಲಿ ಎಸ್ ಅಕ್ಷರವು ಮುಂದಿನ ತುಂಡಿಗೆ ಹೋಗಬೇಕು. ವೆಬ್‌ಸ್ಟರನು ಇವೇ ಪದಗಳನ್ನೆತ್ತಿಕೊಂಡು ಡಿಲ್ವರ್ತನನ್ನು ಖಂಡಿಸಿದನು. ಅವನ ವಾದ ಸರಳವಾದುದು. ಪದವನ್ನು ತುಂಡರಿಸುವುದು ಹುಡುಗನು ಸರಿಯಾಗಿ ಉಚ್ಚರಿಸಲೆಂದು, ಎಚ್, ಎ ಎಂಬ ತುಂಡನ್ನು ಕಂಡ ಹುಡುಗನು ಹೇ ಎಂದು ದೀರ್ಘವಾಗಿ ಓದಿ ಹೇ-ಬಿಟ್ ಎನ್ನುವನು, ನೋ-ಸ್ಟ್ರಿಲ್ ಎನ್ನುವನು. ಹಾಗಾಗದಂತೆ ಹ್ಯಾಬ್-ಇಟ್, ಬಿಷ್-ಅಪ್, ಕ್ಲಸ್-ಟರ್, ನಾಸ್-ಟ್ರಿಲ್ ಎಂದು ಬಿಡಿಸತಕ್ಕದ್ದು.

ಉಪಾಧ್ಯಾಯನ ದೃಷ್ಟಿಯಿಂದ ನೋಡಿದರೆ ವೆಬ್‌ಸ್ಟರನ ಪಕ್ಷವೇ ಬಲವಾದುದೆಂಬುದರಲ್ಲಿ ಸಂದೇಹವಿಲ್ಲ. ಇಂಗ್ಲಿಷಿನ ಬರವಣಿಗೆಯಲ್ಲಿ ಸ್ವರದ ಹ್ರಸ್ವದೀರ್ಘಗಳಿಗೆ ಪ್ರತ್ಯೇಕ ಚಿಹ್ನೆಯಿಲ್ಲ. ವ್ಯಂಜನಾಂತವಾದ ತುಂಡಿನಲ್ಲಿ ಸ್ವರ ಹ್ರಸ್ವ, ಸ್ವರಾಂತವಾದ ತುಂಡಿನಲ್ಲಿ ದೀರ್ಘ ಎಂಬ ಸಂಕೇತವನ್ನು ವೆಬ್‌ಸ್ಟರನು ವಿಭಾಗದಿಂದಲೇ ಒದಗಿಸಿಕೊಟ್ಟನು. ಅವನ ಪುಸ್ತಕ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಕೋಟಿಗಟ್ಟಲೆ ಪ್ರತಿಗಳಾಗಿ ಮಾರಾಟವಾದುದಕ್ಕೆ ಈ ಸೌಲಭ್ಯವೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ.

ಆದರೆ ವೆಬ್‌ಸ್ಟರನು ಇಲ್ಲಿಗೆ ನಿಲ್ಲಲಿಲ್ಲ. ತನ್ನ ವಿಭಾಗವು ಪದದ ಸಹಜವಾದ ವಿಭಾಗ, ಕಿವಿಗೆ ಕೇಳಿಸುವಂತಹದು, ಡಿಲ್ವರ್ತನದು ಪುಸ್ತಕದ ವಿಭಾಗ ಎಂಬಂತೆ ವಾದಿಸಿದನು. ಇಲ್ಲಿ ಅವನೊಡನೆ ಒಪ್ಪುವುದು ಕಷ್ಟ. ಹ್ಯಾಬಿಟ್ ಎಂದು ನಾಲ್ಕು ಸಲ ನಿಧಾನವಾಗಿ ಹೇಳಿ ನೋಡುವವನಿಗೆ ಬಕಾರವು ಹಿಂದಕ್ಕೆ ಸೇರಿತೋ ಮುಂದಕ್ಕೆ ಸೇರಿತೋ ಎಂಬುದು ಕಿವಿಯಿಂದ ಮಾತ್ರ ನಿರ್ಣಯವಾಗುವುದಿಲ್ಲ. ಒತ್ತುಳ್ಳ ಹ್ರಸ್ವಸ್ವರದಲ್ಲಿ ಇಂಗ್ಲಿಷಿನ ಪದವು ಕೊನೆಗಾಣುವುದಿಲ್ಲ. ಆದಕಾರಣ ಹ್ಯಾ ಎಂಬಲ್ಲಿ ನಿಂತರೆ ಆ ಭಾಷೆಯವನಿಗೆ ಏನೋ ಅಪೂರ್ಣವೆನಿಸುತ್ತದೆ. ಇದು ವೆಬ್‌ಸ್ಟರನಿಗೆ ಅನುಕೂಲವಾದ ಸಾಕ್ಷ್ಯವೇ. ಆದರೆ ಮುಂದಿನ ಸ್ವರವು ವ್ಯಂಜನವನ್ನು ತನ್ನೆಡೆಗೆ ಸೆಳೆಯುವುದೂ ಅಷ್ಟೇ ನಿಜ. ಕಿವಿಯ ಹೆಸರಿನಲ್ಲಿ ವೆಬ್‌ಸ್ಟರನು ಹೇಳಿದ್ದು ವಾಸ್ತವವಾಗಿ ಕಾಗುಣಿತದ ಉಪಾಯ. ಒಳ್ಳೆಯ ಉಪಾಯ, ಆದರೆ ಉಪಾಯ.

ಡಿಲ್ವರ್ತನು ಅವನು ಚಿತ್ರಿಸುವಷ್ಟು ಅವಿವೇಕಿಯೂ ಅಲ್ಲ. ಷನ್ ಎಂದು ಈಗ ಉಚ್ಚರಿಸುವ ಟಿ, ಐ, ಓ, ಎನ್ ಎಂಬ ನಾಲ್ಕಕ್ಷರಗಳ ಪ್ರತ್ಯಯವನ್ನು ಡಿಲ್ವರ್ತನು ಎರಡು ಉಚ್ಚಾರಾಂಶಗಳೆಂದೆಣಿಸಿದನು, ವೆಬ್‌ಸ್ಟರನು ಒಂದೆಂದನು. ತನ್ನ ಕಾಲದ ನುಡಿಗೆ ವೆಬ್‌ಸ್ಟರನ ಎಣಿಕೆಯೇ ಸರಿ. ಆದರೆ ಶೇಕ್ಸ್‌ಪಿಯರನ ಕಾಲದ ಪದ್ಯಗಳಲ್ಲಿ, ವಿಶೇಷವಾಗಿ ಪಂಕ್ತಿಯ ಕೊನೆಯಲ್ಲಿ, ಈ ಪ್ರತ್ಯಯವು ಎರಡು ಉಚ್ಚಾರಾಂಶಗಳಾಗಿ ನಿಲ್ಲುವುದುಂಟು. ಹಾಗೆಣಿಸದಿದ್ದರೆ ಛಂದಸ್ಸು ಕೆಡುತ್ತದೆ. ಡಿಲ್ವರ್ತನು ಹಳೆಯ ಎಣಿಕೆಯನ್ನು ಬಿಡದೆ ಉಳಿಸಿಕೊಂಡವನು. ಅಷ್ಟೇ ಅಲ್ಲ. ಪದಾದಿಯಲ್ಲಿ ಬರಬಲ್ಲ ವ್ಯಂಜನಗಳೆಲ್ಲವೂ ಸಾಧ್ಯವಾದಷ್ಟು ಮುಂದಣ ಸ್ವರಕ್ಕೆ ಸೇರುತ್ತವೆ ಎಂಬ ಅವನ ನಿಯಮವು, ಇಪ್ಪತ್ತನೆಯ ಶತಮಾನದ ಭಾಷಾಶಾಸ್ತ್ರದಲ್ಲಿ ಬೇರೊಂದು ವೇಷದಿಂದ ಹಿಂದಿರುಗಿ ಬಂದಿತು. 1968ರಲ್ಲಿ ಚಾಮ್‌ಸ್ಕಿ ಮತ್ತು ಹ್ಯಾಲೆ ಇಂಗ್ಲಿಷಿನ ಧ್ವನಿವ್ಯವಸ್ಥೆಯನ್ನು ಕುರಿತು ಬರೆದ ಮಹಾಗ್ರಂಥದಲ್ಲಿ ಉಚ್ಚಾರಾಂಶಕ್ಕೆ ಸ್ಥಾನವನ್ನೇ ಕೊಟ್ಟಿರಲಿಲ್ಲ. 1976ರಲ್ಲಿ ಡೇನಿಯಲ್ ಕಾನ್ ಎಂಬವರು ತಮ್ಮ ಪ್ರಬಂಧದಲ್ಲಿ ಅದನ್ನು ಪುನಃ ಪ್ರತಿಷ್ಠಿಸಿದರು. ಅವರ ಮತದಲ್ಲಿ ವ್ಯಂಜನವು ಮೊದಲು ಮುಂದಣ ಸ್ವರಕ್ಕೆ ಸೇರುತ್ತದೆ, ಹಿಂದೆ ಒತ್ತುಳ್ಳ ಸ್ವರವಿದ್ದರೆ ಅದಕ್ಕೂ ಅಂಟಿಕೊಂಡು ಎರಡಕ್ಕೂ ಸಾಧಾರಣವಾಗಿ ನಿಲ್ಲುತ್ತದೆ. ಹೀಗೆಂದ ಮೇಲೆ ಹ್ಯಾಬಿಟ್ ಪದದ ಬಕಾರವು ಡಿಲ್ವರ್ತನಿಗೂ ಸಲ್ಲುತ್ತದೆ, ವೆಬ್‌ಸ್ಟರನಿಗೂ ಸಲ್ಲುತ್ತದೆ. 1990ರಲ್ಲಿ ಲಂಡನ್ನಿನ ಜಾನ್ ವೆಲ್ಸ್ ಅವರು, ಎರಡು ಉಚ್ಚಾರಾಂಶಗಳಲ್ಲಿ ಯಾವುದಕ್ಕೆ ಒತ್ತು ಹೆಚ್ಚೋ ವ್ಯಂಜನವು ಅದಕ್ಕೇ ಸೇರುವುದೆಂದು ವಾದಿಸಿ, ಬೇರೆ ಕಾರಣಗಳಿಂದ ವೆಬ್‌ಸ್ಟರನ ಕಡೆಗೆ ವಾಲಿದರು. ವಾದವಿನ್ನೂ ಮುಗಿದಿಲ್ಲ.

ಇಂತಹ ಅನಿಶ್ಚಿತಸ್ಥಾನಗಳು ಕನ್ನಡಿಗರಿಗೆ ಅಪರಿಚಿತವಲ್ಲ. ನಾವು ಭಕ್ತಿ ಎಂದು ಬರೆಯುವಾಗ ಕಕಾರತಕಾರಗಳೆರಡನ್ನೂ ಮುಂದಣ ಸ್ವರಕ್ಕೆ ಸೇರಿಸುತ್ತೇವೆ. ಡಿಲ್ವರ್ತನು ಮೆಚ್ಚುವಂತಹ ಬರವಣಿಗೆ ಇದು. ಆದರೆ ಪ್ರಸ್ತಾರ ಹಾಕುವಾಗ ಭಕಾರವನ್ನು ಗುರುವೆಂದೆಣಿಸುತ್ತೇವೆ. ಎಂದರೆ ಕಕಾರವು ಹಿಂದಕ್ಕೆ ಸೇರಿತೆಂದು ಒಪ್ಪಿದಂತಾಯಿತು. ಲಿಪಿಯ ವಿಭಾಗ ಒಂದು, ಕಿವಿಯ ವಿಭಾಗ ಇನ್ನೊಂದು. ಹಳಗನ್ನಡದ ಶಿಥಿಲದ್ವಿತ್ವದಲ್ಲಿ ರೇಫಾದಿಗಳು ಸೇರಿದ ಒತ್ತನ್ನು ತೇಲಿಸಿ ನುಡಿಯುವುದರಿಂದ ಹಿಂದಣ ಲಘುವು ಲಘುವಾಗಿಯೇ ಉಳಿಯುತ್ತದೆಂಬುದನ್ನು ಕೇಶಿರಾಜನನ್ನು ಓದಿದವರೆಲ್ಲರೂ ಬಲ್ಲರು. ಒಂದೇ ತೆರನಾದ ಸಂಯೋಗವು ಒಂದೆಡೆ ಹಿಂದಕ್ಕೆ ಭಾರ ಹಾಕುತ್ತದೆ, ಇನ್ನೊಂದೆಡೆ ಹಾಕುವುದಿಲ್ಲ. ಹೀಗಿರುವಲ್ಲಿ ಒಂದು ಪದಕ್ಕೆ ಒಂದೇ ಸಹಜವಿಭಾಗವುಂಟೆಂಬ ವೆಬ್‌ಸ್ಟರನ ನಂಬಿಕೆ ನಮಗೆ ತೀರ ಎಳೆಯದಾಗಿ ತೋರಿದರೆ ಆಶ್ಚರ್ಯವಿಲ್ಲ.

ಇಷ್ಟು ಹ್ರಸ್ವಪದಗಳ ವಿಷಯ. ನಿಜವಾದ ತೊಡಕು ದೀರ್ಘಪದಗಳಲ್ಲಿದೆ. ವೆಬ್‌ಸ್ಟರನ ಪದ್ಧತಿ ಸೋಲುವುದೂ ಅಲ್ಲಿಯೇ. ಇಂಗ್ಲಿಷಿನ ದೀರ್ಘಪದಗಳು ಬಹುಮಟ್ಟಿಗೆ ಗ್ರೀಕ್ ಲ್ಯಾಟಿನ್ ಮೂಲದವು. ಅವುಗಳಲ್ಲಿ ಅರ್ಥಾಂಶಗಳು ಕದಲದೆ ನಿಂತಿರುತ್ತವೆ, ಒತ್ತು ಮಾತ್ರ ಓಡಾಡುತ್ತದೆ. ಫೋಟೋಗ್ರಾಫ್ ಎಂಬಲ್ಲಿ ಒತ್ತು ಮೊದಲನೆಯದರ ಮೇಲೆ, ಫೊಟಾಗ್ರಫಿ ಎಂಬಲ್ಲಿ ಎರಡನೆಯದರ ಮೇಲೆ, ಫೋಟೊಗ್ರಾಫಿಕ್ ಎಂಬಲ್ಲಿ ಮೂರನೆಯದರ ಮೇಲೆ. ಬೆಳಕು ಎಂಬರ್ಥದ ಫೋಟೊ, ಬರೆಹ ಎಂಬರ್ಥದ ಗ್ರಾಫ್, ಈ ಎರಡೂ ಮೂರರಲ್ಲಿಯೂ ಒಂದೇ. ಆದರೆ ಒತ್ತನ್ನು ಹಿಂಬಾಲಿಸುವ ವೆಬ್‌ಸ್ಟರನ ಮಾರ್ಗದಲ್ಲಿ ಎರಡನೆಯ ಪದವು ಫೊ-ಟಾಗ್-ರ-ಫಿ ಎಂದಾಗಿ, ಗ್ರಾಫ್ ಎಂಬ ಪ್ರಕೃತಿಯ ಗಕಾರವು ಹಿಂದಣ ತುಂಡಿಗೆ ಅಂಟಿಕೊಳ್ಳುತ್ತದೆ. ಡೆಮಾಕ್ರಸಿ ಎಂಬುದು ಜನ ಎಂಬರ್ಥದ ಡೆಮೊಸ್, ಬಲ ಎಂಬರ್ಥದ ಕ್ರಾಟೊಸ್ ಎಂಬುವುಗಳಿಂದಾದುದು. ಅಮೆರಿಕದ ನಿಘಂಟಿನಲ್ಲಿ ಅದು ಡಿ-ಮಾಕ್-ರ-ಸಿ. ಮಾಕ್ ಎಂಬುದಕ್ಕಾಗಲಿ ರ ಎಂಬುದಕ್ಕಾಗಲಿ ಯಾವ ಅರ್ಥವೂ ಇಲ್ಲ. ಜೀವಶಾಸ್ತ್ರವೆಂಬರ್ಥದ ಬಯಾಲಜಿ ಬೈ-ಆಲ್-ಒ-ಜಿ ಆಗಿ, ಬಯೊ ಎಂಬುದೂ ಹೋಯಿತು, ಲೊಗೊಸ್ ಎಂಬುದೂ ಹೋಯಿತು. ಉಚ್ಚಾರಣೆಯನ್ನು ಮೊದಲೇ ಬಲ್ಲವನಿಗೆ ಈ ತುಂಡುಗಳಿಂದ ಲಾಭವಿಲ್ಲ. ಅರ್ಥವನ್ನರಿಯದವನಿಗೆ ಇವುಗಳಿಂದ ನಷ್ಟವೇ ಉಂಟು.

ಇಂಗ್ಲೆಂಡಿನ ಮುದ್ರಣಪರಂಪರೆಯು ವೆಬ್‌ಸ್ಟರನನ್ನು ಪೂರ್ತಿಯಾಗಿ ಒಪ್ಪದಿದ್ದುದು ಇದಕ್ಕಾಗಿಯೇ ಇರಬೇಕು. ಆಕ್ಸ್‌ಫರ್ಡ್ ಮುದ್ರಣಾಲಯದ ಹೊರೇಸ್ ಹಾರ್ಟ್ ತನ್ನ ಕೆಲಸಗಾರರಿಗಾಗಿ 1893ರಲ್ಲಿ ಸಂಗ್ರಹಿಸಿದ, 1904ರಲ್ಲಿ ಸಾರ್ವಜನಿಕರಿಗೂ ದೊರೆತ, ನಿಯಮಾವಳಿಯ ಕಾಲದಿಂದ ಅಲ್ಲಿ ವ್ಯುತ್ಪತ್ತಿಗೆ ಮೊದಲ ಮನ್ನಣೆ. ಅರಿವು ಎಂಬರ್ಥದ ನಾಲೆಡ್ಜ್ ಎಂಬ ಪದವನ್ನು ಬ್ರಿಟಿಷರು ನೋ ಎಂಬ ಧಾತು ಮುಗಿದಲ್ಲಿ ಕತ್ತರಿಸುತ್ತ ಬಂದರು. ಅಮೆರಿಕದವರು ಎಲ್ ಅಕ್ಷರವನ್ನೂ ಹಿಂದಕ್ಕೆ ಸೇರಿಸಿ ನಾಲ್ ಎಂಬಲ್ಲಿ ಕತ್ತರಿಸುತ್ತಾರೆ. ಒಂದು ಕಣ್ಣಿಗೆ ಅರ್ಥವನ್ನು ತೋರಿಸಿ ಬಾಯಿಗೆ ತಪ್ಪುದಾರಿ ತೋರಿಸುತ್ತದೆ. ಇನ್ನೊಂದು ಬಾಯಿಗೆ ದಾರಿ ತೋರಿಸಿ ಧಾತುವನ್ನು ಮುಚ್ಚುತ್ತದೆ.

ವ್ಯುತ್ಪತ್ತಿಪಕ್ಷಕ್ಕೂ ತನ್ನ ಮಿತಿಯುಂಟೆಂಬುದನ್ನು ಇಲ್ಲಿಯೇ ಹೇಳಬೇಕು. ಡಿಲ್ವರ್ತನ ಬಿ-ಷಪ್ ಎಂಬ ವಿಭಾಗವನ್ನೇ ನೋಡಿ. ಈ ಪದವು ಮೇಲ್ವಿಚಾರಕ ಎಂಬರ್ಥದ ಎಪಿಸ್ಕೊಪೊಸ್ ಎಂಬ ಗ್ರೀಕ್ ಶಬ್ದದಿಂದ ಬಂದುದು. ಎಪಿ ಎಂಬುದು ಬಿ ಆಯಿತು, ಸ್ಕೊಪ್ ಎಂಬುದು ಷಪ್ ಆಯಿತು. ಆದುದರಿಂದ ಡಿಲ್ವರ್ತನು ತಿಳಿದೋ ತಿಳಿಯದೆಯೋ ವ್ಯುತ್ಪತ್ತಿಗೆ ಸರಿಯಾಗಿಯೇ ಕತ್ತರಿಸಿದ್ದಾನೆ. ನಾಸ್ಟ್ರಿಲ್ ಎಂಬುದಾದರೋ ಮೂಗಿನ ತೂತು ಎಂಬರ್ಥದ ಹಳೆಯ ಸಮಾಸ. ಅದರಲ್ಲಿ ವೆಬ್‌ಸ್ಟರನ ಕತ್ತರಿಯೇ ವ್ಯುತ್ಪತ್ತಿಗೆ ಸರಿಯಾಗಿ ಬಿದ್ದಿದೆ. ಆದರೆ ಇಂದು ಇಂಗ್ಲಿಷಾಡುವ ಯಾರ ಮನಸ್ಸಿನಲ್ಲಿಯೂ ಈ ಸಂಧಿಗಳು ಜೀವಂತವಾಗಿಲ್ಲ. ಸತ್ತ ಸಂಧಿಯನ್ನು ಬಿಡಿಸಿ ತೋರಿಸುವುದು ಪಂಡಿತನಿಗೆ ವಿನೋದ, ವಿದ್ಯಾರ್ಥಿಗೆ ಹೊರೆ. ಇದಕ್ಕೆ ವಿರುದ್ಧವಾಗಿ, ಹಿಂದೆ ಇಲ್ಲದಿದ್ದ ಸಂಧಿಗಳು ಜನರ ಬಾಯಲ್ಲಿ ಹುಟ್ಟುವುದೂ ಉಂಟು. ಹೆಲಿಕಾಪ್ಟರ್ ಎಂಬುದು ಸುರುಳಿ ಎಂಬರ್ಥದ ಹೆಲಿಕೊ, ರೆಕ್ಕೆ ಎಂಬರ್ಥದ ಪ್ಟೆರೋನ್ ಎಂಬುವುಗಳ ಸಮಾಸ. 1861ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಪದ. ಜನರು ಅದನ್ನು ಹೆಲಿ, ಕಾಪ್ಟರ್ ಎಂದು ಬಿಡಿಸಿಕೊಂಡು, ಹೆಲಿಪೋರ್ಟ್ ಎಂಬ ಹೊಸ ಪದವನ್ನೇ ಕಟ್ಟಿದರು. ಹ್ಯಾಂಬರ್ಗ್ ಪಟ್ಟಣದ ಹೆಸರಿನಿಂದಾದ ಹ್ಯಾಂಬರ್ಗರ್ ಎಂಬುದನ್ನು ತಪ್ಪಾಗಿ ಕತ್ತರಿಸಿ ಬರ್ಗರ್ ಎಂಬ ತಿಂಡಿಯನ್ನು ಪಡೆದರು. ಇನ್ನೂ ಹಿಂದೆ, ನ್ಯಾಪ್ರನ್ ಎಂಬುದರ ನಕಾರವು ಅದರ ಹಿಂದೆ ಬರುತ್ತಿದ್ದ ಎ ಎಂಬ ಉಪಪದಕ್ಕೆ ಸೇರಿಹೋಗಿ ಏಪ್ರನ್ ಎಂದಾಯಿತು. ಹಾವಿನ ಹೆಸರಾದ ನ್ಯಾಡರ್ ಎಂಬುದು ಆ್ಯಡರ್ ಆಯಿತು. ತಪ್ಪು ವಿಭಾಗವೂ ಬಳಕೆಯಾದರೆ ಭಾಷೆಗೆ ಸರಿಯಾದ ವಿಭಾಗವೇ. ಆದಕಾರಣ ಅರ್ಥಾಂಶವೆಂದರೆ ಇಂದಿನ ನುಡಿಯಲ್ಲಿ ಬದುಕಿರುವ ಅಂಶವೆಂದೇ ಗ್ರಹಿಸತಕ್ಕದ್ದು.

ಈಗ ನಿಘಂಟುಗಳ ಬೊಟ್ಟಿಗೆ ಬರೋಣ. ವೆಬ್‌ಸ್ಟರನ ಹೆಸರನ್ನು ಹೊತ್ತ ಅಮೆರಿಕದ ನಿಘಂಟಿನಲ್ಲಿ ಟೀಚರ್ ಎಂಬ ಪದವನ್ನು ಟೀಚ್ ಎಂಬ ಧಾತುವಾದ ಮೇಲೆ ಕತ್ತರಿಸಿದ್ದಾರೆ. ಇಲ್ಲಿ ಮೊದಲ ಸ್ವರ ದೀರ್ಘ. ಕಾಗುಣಿತದ ಸಂಕೇತವನ್ನು ನಂಬುವುದಾದರೆ ಟೀ-ಚರ್ ಎಂದಿರಬೇಕಾಗಿತ್ತು. ಪ್ರತ್ಯಯಕ್ಕೆ ಮರ್ಯಾದೆ ಕೊಟ್ಟು ಹಾಗೆ ಮಾಡಿಲ್ಲ. ಬಟರ್ ಎಂಬಲ್ಲಿ ಎರಡು ಟಿಗಳ ನಡುವೆ ಕತ್ತರಿಸಿದ್ದಾರೆ. ಕಿವಿಗೆ ಅಲ್ಲಿ ಇರುವುದು ಒಂದೇ ಟಕಾರ, ಕಣ್ಣಿಗೆ ಮಾತ್ರ ಎರಡು. ಡ್ರೆಸರ್ ಎಂಬಲ್ಲಿಯೂ ಎರಡು ಎಸ್‌ಗಳಿವೆ, ಆದರೆ ಎರಡನ್ನೂ ಹಿಂದಕ್ಕೆ ಸೇರಿಸಿದ್ದಾರೆ, ಧಾತುವನ್ನು ಒಡೆಯಬಾರದೆಂದು. ಅಬೌಟ್ ಎಂಬಲ್ಲಿ ಎರಡು ಉಚ್ಚಾರಾಂಶಗಳು ನಿಸ್ಸಂದೇಹವಾಗಿದ್ದರೂ ಬೊಟ್ಟೇ ಇಲ್ಲ. ಏಕೆಂದರೆ ಪಂಕ್ತಿಯ ಕೊನೆಯಲ್ಲಿ ಒಂದೇ ಅಕ್ಷರವನ್ನು ಒಂಟಿಯಾಗಿ ಬಿಡುವುದು ಮುದ್ರಕರಿಗೆ ಒಪ್ಪಿಗೆಯಲ್ಲ. ಕಿವಿ, ಅರ್ಥ, ಕಣ್ಣು ಎಂಬ ಮೂರು ಯಜಮಾನರಿಗೆ ಸರದಿಯ ಮೇಲೆ ದುಡಿಯುವ ಆಳು ಈ ಬೊಟ್ಟು. ಅದು ಪಂಕ್ತ್ಯಂತದ ವಿಭಾಗವನ್ನು ಮಾತ್ರ ತೋರಿಸುತ್ತದೆ, ಉಚ್ಚಾರಾಂಶಗಳನ್ನಲ್ಲ ಎಂದು ಆ ನಿಘಂಟಿನ ಸಂಪಾದಕರೇ ಪೀಠಿಕೆಯಲ್ಲಿ ಹೇಳಿದ್ದಾರೆ. ಪೀಠಿಕೆಯನ್ನು ಓದುವವರಾರು? ತರಗತಿಗಳಲ್ಲಿ ಬೊಟ್ಟುಗಳನ್ನೆಣಿಸಿ ಇಷ್ಟು ಸಿಲಬಲ್ಲುಗಳೆಂದು ಹೇಳಿಸುವ ಅಭ್ಯಾಸ ನಡೆದೇ ಇದೆ.

ವೆಬ್‌ಸ್ಟರನ ಕತ್ತರಿ ಯಂತ್ರದ ಕೈಗೂ ಬಂದಿದೆ. ಸ್ಟ್ಯಾನ್‌ಫರ್ಡಿನಲ್ಲಿ ಫ್ರಾಂಕ್ಲಿನ್ ಲಿಯಾಂಗ್ ಎಂಬವರು ಡೊನಾಲ್ಡ್ ಕನೂತರ ಮುದ್ರಣಕ್ರಮವಾದ ಟೆಕ್‌ಗಾಗಿ ಕಂಪ್ಯೂಟರಿನಿಂದ ಪದಗಳನ್ನು ಒಡೆಯುವ ಉಪಾಯವನ್ನು 1983ರ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ವೆಬ್‌ಸ್ಟರನ ಪರಂಪರೆಯ ಒಂದು ಕಿರುನಿಘಂಟಿನಿಂದ 4447 ಅಕ್ಷರವಿನ್ಯಾಸಗಳನ್ನು ಅವರು ಕಡೆದು ತೆಗೆದರು. ಅವುಗಳಿಂದ ನಿಘಂಟಿನ ಬೊಟ್ಟುಗಳಲ್ಲಿ ಶೇಕಡ 89ರಷ್ಟು, ಬಹುಮಟ್ಟಿಗೆ ತಪ್ಪಿಲ್ಲದೆ, ದೊರೆಯುತ್ತವೆ. ಈ ಸಾಧನೆ ಅದ್ಭುತವಾದುದೇ. ಆದರೆ ಯಂತ್ರವು ಧ್ವನಿಯನ್ನೂ ಅರಿಯದು, ಅರ್ಥವನ್ನೂ ಅರಿಯದು; ಅಕ್ಷರಗಳ ನೆರೆಹೊರೆಯನ್ನು ಮಾತ್ರ ನೋಡುತ್ತದೆ. ವಾರದ ರಾತ್ರಿಗಳೆಂಬರ್ಥದ ವೀಕ್‌ನೈಟ್ಸ್ ಎಂಬುದನ್ನು ಅದು ಪುಟಾಣಿ ಸರದಾರರು ಎಂಬರ್ಥ ಬರುವಂತೆ ಕತ್ತರಿಸಿದ್ದು ಆ ಮುದ್ರಣಕ್ರಮವನ್ನು ಬಳಸುವವರಲ್ಲಿ ಪ್ರಸಿದ್ಧವಾದ ನಗೆಮಾತು. ವಿಚಾರಾರ್ಹವಾದ ಸಂಗತಿ ಇನ್ನೊಂದಿದೆ. ಲಿಯಾಂಗರ ಉಪಾಯಕ್ಕೆ ಜೋಡಿಸಿದ ಅಪವಾದಗಳ ಪಟ್ಟಿಯಲ್ಲಿ 14 ಪದಗಳಿವೆ. ಅವುಗಳಲ್ಲಿ ಪ್ರೆಸೆಂಟ್, ಪ್ರಾಜೆಕ್ಟ್ ಎಂಬುವುಗಳೂ ಅವುಗಳ ಬಹುವಚನರೂಪಗಳೂ ಯಾವ ವಿಭಾಗವೂ ಇಲ್ಲದೆ ನಿಂತಿವೆ. ಕಾರಣವೇನೆಂದರೆ, ಪ್ರೆಸೆಂಟ್ ಎಂಬುದು ನಾಮಪದವಾದರೆ ಒತ್ತು ಮೊದಲನೆಯದರ ಮೇಲೆ ಬಿದ್ದು ಪ್ರೆಸ್-ಎಂಟ್ ಆಗುತ್ತದೆ, ಕ್ರಿಯಾಪದವಾದರೆ ಪ್ರಿ-ಸೆಂಟ್. ಬರೆಹ ಒಂದೇ. ವೆಬ್‌ಸ್ಟರನ ತತ್ತ್ವವನ್ನು ನಿಷ್ಠೆಯಿಂದ ಪಾಲಿಸುವ ಯಂತ್ರವು ಇಲ್ಲಿ ಸುಮ್ಮನಿರುವುದೇ ಲೇಸೆಂದು ಕಂಡುಕೊಂಡಿದೆ. ಪ್ರಿ ಎಂಬುದು ಉಪಸರ್ಗವೆಂದೊಪ್ಪಿ ಅರ್ಥಾಂಶದ ಮೇಲೆ ಕತ್ತರಿಸುವವನಿಗೆ ಈ ತೊಡಕೇ ಇಲ್ಲ.

ದೀರ್ಘತೆಗೆ ಹೆಸರಾದ ಪದವೊಂದನ್ನು ತೆಗೆದುಕೊಂಡು ಎರಡು ವಿಭಾಗಗಳನ್ನೂ ಪರೀಕ್ಷಿಸೋಣ. ಆ್ಯಂಟಿಡಿಸ್‌ಎಸ್ಟ್ಯಾಬ್ಲಿಷ್‌ಮೆಂಟೇರಿಯನಿಸಮ್ ಎಂಬುದರಲ್ಲಿ 28 ಅಕ್ಷರಗಳು. ಬಾಯಿಂದ ಹೇಳಿದರೆ 12 ಉಚ್ಚಾರಾಂಶಗಳು. ಕೊನೆಯ ಇಸಮ್ ಎಂಬುದನ್ನು ಬೊಟ್ಟಿನ ಪದ್ಧತಿ ಒಡೆಯದಿರುವುದರಿಂದ ಅಲ್ಲಿ ಒಂದು ಕಡಮೆಯಾಗುತ್ತದೆ. ಈ ಹನ್ನೆರಡನ್ನು ಕ್ರಮವಾಗಿ ಉಚ್ಚರಿಸಿದ ಹುಡುಗನು ಪದವನ್ನು ಹೇಳಿದನೇ ಹೊರತು ತಿಳಿಯಲಿಲ್ಲ. ಮೆನ್-ಟೇರ್ ಎಂಬ ಎಡೆಯಲ್ಲಿ ಮೆಂಟ್ ಎಂಬ ಪ್ರತ್ಯಯ ಒಡೆದುಹೋಗಿರುವುದು ಅವನಿಗೆ ಕಾಣುವುದೂ ಇಲ್ಲ. ಅರ್ಥಾಂಶಗಳಾದರೋ ಆರೇ: ಆ್ಯಂಟಿ, ಡಿಸ್, ಎಸ್ಟ್ಯಾಬ್ಲಿಷ್, ಮೆಂಟ್, ಏರಿಯನ್, ಇಸಮ್. ಆದರೆ ಅವನ್ನು ಎಡದಿಂದ ಬಲಕ್ಕೆ ಸಾಲಾಗಿ ಓದಿದರೂ ಅರ್ಥ ದೊರೆಯುವುದಿಲ್ಲ. ಸಮಾಸಕ್ಕೆ ವಿಗ್ರಹವಾಕ್ಯವನ್ನು ಹೇಳುವಂತೆ ಒಳಗಿನಿಂದ ಹೊರಕ್ಕೆ ಬರಬೇಕು. ಎಸ್ಟ್ಯಾಬ್ಲಿಷ್, ಸ್ಥಾಪಿಸು, ಡಿಸ್ ಸೇರಲು, ಮತಸಂಸ್ಥೆಗೆ ರಾಜ್ಯವು ಕೊಟ್ಟ ಅಧಿಕೃತಸ್ಥಾನವನ್ನು ತೆಗೆ, ಮೆಂಟ್ ಸೇರಲು, ಆ ಕಾರ್ಯ, ಏರಿಯನ್ ಸೇರಲು, ಅದು ಆಗಬೇಕೆನ್ನುವವನು, ಇಸಮ್ ಸೇರಲು, ಅವನ ಮತ, ಕೊನೆಗೆ ಆ್ಯಂಟಿ ಸೇರಲು, ಆ ಮತಕ್ಕೆ ವಿರೋಧ. 1869ರ ಶಾಸನದಿಂದ ಐರ್ಲೆಂಡಿನ ಚರ್ಚು 1871ರಲ್ಲಿ ರಾಜ್ಯದ ಸಂಬಂಧವನ್ನು ಕಳೆದುಕೊಂಡ ಕಾಲದ ಚರ್ಚೆಗಳನ್ನು ಬಲ್ಲವನಿಗೆ ಈ ಪದ ಬರಿಯ ವಿಚಿತ್ರವಲ್ಲ. ಪುಪ್ಪುಸದ ಧೂಳುರೋಗಕ್ಕೆ 1935ರಲ್ಲಿ ಅಮೆರಿಕದ ಒಗಟುಗಾರರ ಸಂಘದ ಅಧ್ಯಕ್ಷನು ಕಟ್ಟಿದ 45 ಅಕ್ಷರಗಳ ಪದವು ಹಾಗಲ್ಲ. ಅದು ಉದ್ದಕ್ಕಾಗಿಯೇ ಹುಟ್ಟಿದುದು. ಆದರೂ ನ್ಯೂಮೊನೊ, ಅಲ್ಟ್ರಾ, ಮೈಕ್ರೊಸ್ಕೋಪಿಕ್, ಸಿಲಿಕೊ, ವಾಲ್ಕೇನೊ, ಕೋನಿಯೋಸಿಸ್ ಎಂದು ಬಿಡಿಸಿದೊಡನೆ ಅದೂ ಪಳಗುತ್ತದೆ.

ಇದೆಲ್ಲ ಕನ್ನಡ ಮಕ್ಕಳಿಗೆ ಇಂಗ್ಲಿಷನ್ನು ಕಲಿಸುವವರಿಗೆ ಏತಕ್ಕೆ ಬೇಕೆಂದರೆ, ವೆಬ್‌ಸ್ಟರನ ಉಪಾಯವು ಇಂಗ್ಲಿಷನ್ನು ಮನೆಯಲ್ಲಾಡುವ, ಬರೆಹವನ್ನು ಮಾತ್ರ ಅರಿಯದ ಮಕ್ಕಳಿಗಾಗಿ ಹುಟ್ಟಿದುದು. ಅವರು ತಪ್ಪಾಗಿ ಓದಿದರೂ ಕಿವಿಗೆ ಪರಿಚಿತವಾದ ಪದವು ಅವರನ್ನು ತಿದ್ದುತ್ತದೆ. ನಮ್ಮ ಮಕ್ಕಳ ಸ್ಥಿತಿ ಬೇರೆ. ಅಕ್ಷರಾಭ್ಯಾಸದಿಂದಲೇ ಉಚ್ಚಾರಾಂಶಗಳನ್ನೆಣಿಸುವ ಶಕ್ತಿ ಅವರಿಗುಂಟು. ಕೊರತೆಯಿರುವುದು ಒತ್ತಿನಲ್ಲಿ ಮತ್ತು ಅರ್ಥದಲ್ಲಿ. ಉಪಾಯದ ಸ್ವಂತ ಬಲವೂ ದೀರ್ಘಪದಗಳಲ್ಲಿ ಕುಂದುತ್ತದೆ. ಅಮೆರಿಕದ ಡೆವಿನ್ ಕರ್ನ್ಸ್ ಅವರು 2020ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ಎರಡು ಸ್ವರಗಳ ನಡುವೆ ಎರಡು ವ್ಯಂಜನಗಳಿದ್ದರೆ ಮೊದಲ ಸ್ವರ ಹ್ರಸ್ವವೆಂಬ ನಿಯಮವು ಸಾಕಷ್ಟು ನಿಲ್ಲುತ್ತದೆಂದೂ, ಒಂದೇ ವ್ಯಂಜನವಿದ್ದರೆ ದೀರ್ಘವೆಂಬ ನಿಯಮವು, ಅದರಲ್ಲಿಯೂ ದೀರ್ಘಪದಗಳಲ್ಲಿ, ನಂಬತಕ್ಕುದಲ್ಲವೆಂದೂ ಕಂಡುಬಂದಿತು. ಹೀಗಿರುವಾಗ ಕರಿಹಲಗೆಯ ಮೇಲೆ ಫೊ-ಟಾಗ್-ರ-ಫಿ ಎಂದು ಮೊದಲು ಬರೆಯುವುದಕ್ಕೆ ನನಗೆ ಕಾರಣ ಕಾಣದು. ಎರಡು ಉಚ್ಚಾರಾಂಶಗಳ ಪದಗಳಲ್ಲಿ ವೆಬ್‌ಸ್ಟರನನ್ನು ಅನುಸರಿಸಲಿ. ಮೂರನ್ನು ಮೀರಿದವುಗಳಲ್ಲಿ ಅರ್ಥಾಂಶಗಳನ್ನು ಮೊದಲು ಬಿಡಿಸಿ, ಆಮೇಲೆ ಒತ್ತು ಎಲ್ಲಿಗೆ ಸರಿಯಿತೆಂಬುದನ್ನು ತೋರಿಸಲಿ.

ಇಂಗ್ಲಿಷ್ ಪದಗಳನ್ನು ಕನ್ನಡಲಿಪಿಯಲ್ಲಿ ಬರೆಯುವಾಗಲೂ ಇದೇ ವಿವಾದ ನಮ್ಮರಿವಿಲ್ಲದೆ ನಡೆಯುತ್ತದೆ. ಎಸ್ಟಾಬ್ಲಿಷ್ಮೆಂಟ್ ಎಂದು ಮಕಾರವನ್ನು ಷಕಾರದ ಕೆಳಗೆ ಒತ್ತಾಗಿ ಬರೆದರೆ ಧಾತುವೂ ಪ್ರತ್ಯಯವೂ ಒಂದೇ ಅಕ್ಷರದಲ್ಲಿ ಕರಗುತ್ತವೆ. ಎಸ್ಟಾಬ್ಲಿಷ್‌ಮೆಂಟ್ ಎಂದು ಷಕಾರವನ್ನು ಅರೆಯಾಗಿ ನಿಲ್ಲಿಸಿದರೆ ಸಂಧಿಸ್ಥಾನ ಉಳಿಯುತ್ತದೆ. ಎರಡನೆಯದೇ ಗ್ರಾಹ್ಯವೆಂದು ನನ್ನ ಅಭಿಪ್ರಾಯ. ಇಂಗ್ಲಿಷ್-ಕನ್ನಡ ನಿಘಂಟುಗಳನ್ನು ಪರಿಷ್ಕರಿಸುವವರು ಒಂದೇ ಬೊಟ್ಟಿನ ಬದಲು ಎರಡು ಚಿಹ್ನೆಗಳನ್ನಿಟ್ಟುಕೊಳ್ಳಬಹುದು: ಉಚ್ಚಾರಾಂಶಕ್ಕೆ ಬೊಟ್ಟು, ಅರ್ಥಾಂಶಕ್ಕೆ ನಿಲುವುಗೆರೆ. ಆಗ ಡೆಮಾಕ್ರಸಿ ಎಂಬ ಪದದಲ್ಲಿ ಗೆರೆಯು ಡೆಮೊ ಎಂಬುದಾದ ಮೇಲೆ ನಿಲ್ಲುತ್ತದೆ, ಬೊಟ್ಟುಗಳು ಒತ್ತಿನ ಹಿಂದೆ ಹೋಗುತ್ತವೆ. ಟೀಚರ್ ಎಂಬಲ್ಲಿ ಎರಡು ಚಿಹ್ನೆಗಳೂ ಒಂದೇ ಎಡೆಯಲ್ಲಿ ಬೀಳಬಹುದು. ಬಿಷಪ್ ಎಂಬಲ್ಲಿ ಬೊಟ್ಟು ಮಾತ್ರ ಇದ್ದು ಗೆರೆ ಇರುವುದಿಲ್ಲ.